ತಪ್ಪಿದ ಒಂದು ಅಂಕಿ

ನುವಾಕ್ಷೋಟ್ ಪೇಟೆಯಲ್ಲಿ ನನ್ನದೊಂದು ಗೂಡಂಗಡಿ.
ಒಂದು ಕಂಪ್ಯೂಟರ್, ಆರು ಕೇಬಲ್ಲು,
ಮರಳು ಕೂತು ಕೂತು ಕರಕರ ಎನ್ನುವ ಕೀಲಿಮಣೆ.
ಹಾಡಿಗೆ ಹತ್ತು ಊಗಿಯಾ,
ಹದಿನೈದು ಕೊಂಡರೆ ಎರಡು ಪುಕ್ಕಟೆ.
ಅಸಲು ಎಲ್ಲಿಯದೆಂದು ಕೇಳಿದವರಿಲ್ಲ;
ನಕಲಿಗೆ ಮಾತ್ರ ಸಾಲು.

ಅವತ್ತು ಮಧ್ಯಾಹ್ನ ಒಬ್ಬಳು ಬಂದಳು,
ನೀಲಿ ಮೆಲ್ಹಫಾದ ಸೆರಗು ತಲೆತುಂಬ ಹೊದ್ದು.
"ಕ್ಸಾರ್ ಬಡಾವಣೆಯ ಮದುವೆಯದು ಬೇಕು,
ನಡುವೆ ಜನರೇಟರ್ ನಿಂತು ಕೂಸೊಂದು ಅಳುತ್ತದಲ್ಲ, ಅದು."
ಇತ್ತು. 'ಮದುವೆ ಹದಿನಾಲ್ಕು' ಅಂತ ಅದರ ಹೆಸರು.
ಎಷ್ಟು ಮಾರಿದ್ದೆನೋ, ಲೆಕ್ಕವಿಟ್ಟಿಲ್ಲ.
ಉದ್ದದ ಹಾಡು, ಇಪ್ಪತ್ತು ಕೊಡಿ ಅಂದೆ.
ಮರುಮಾತಿಲ್ಲದೆ ಎಣಿಸಿ ಕೊಟ್ಟಳು.

ಕಿವಿಗೆ ಫೋನು ಹಿಡಿದು ನಿಂತೇ ಕೇಳಿದಳು.
ಬಿಸಿಲು ಒಂದು ಗೇಣು ಸರಿಯಿತು.
"ಇಲ್ಲಿ, ಒಂಬತ್ತನೆಯ ನಿಮಿಷದಲ್ಲಿ,
ನನ್ನ ಅರ್ದೀನಿನ ತಂತಿ ಹರಿಯಿತು.
ಅದನ್ನೂ ಮಾರುತ್ತಿದ್ದೀಯ."

ಆಗ ನೋಡಿದೆ, ಬೆರಳ ತುದಿಯ ಜಡ್ಡು.
ತೆಕೈಬೆರ್.
ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಇವಳಿಗೆ
ಮಡಿಲಿಂದ ಮಡಿಲಿಗೆ ಇಳಿದ ವಾದ್ಯ.
ನನಗೆ ಇಳಿದದ್ದು ಟ್ಯಾಕ್ಸಿಯವನ ಫೋನಿನಿಂದ,
ಅವನಿಗೆ ಭಾವಮೈದುನನಿಂದ,
ಭಾವಮೈದುನನಿಗೆ ಯಾರಿಂದಲೋ.

ಬಾಯಿ ಒಣಗಿತು. ಆದರೂ ವಾದಿಸಿದೆ:
ಎಷ್ಟು ಸಲ ತೆಗೆದರೂ ನಿಮ್ಮದು ನಿಮ್ಮಲ್ಲೇ ಇದೆಯಲ್ಲ ತಾಯಿ,
ಒಂದು ಚೂರೂ ಸವೆದಿಲ್ಲ.

ಪಕ್ಕದಲ್ಲಿ ಚಹಾದ ಹುಡುಗ
ಎತ್ತರದಿಂದ ಲೋಟ ಲೋಟಕ್ಕೆ ಸುರಿಯುತ್ತಿದ್ದ.
ಅವನ ಕಡೆ ಕೈ ತೋರಿದಳು:
"ಸುರಿದಷ್ಟೂ ನೊರೆ ಹೆಚ್ಚುತ್ತದೆ.
ಚಹಾ ಹೆಚ್ಚುತ್ತದೆಯೇ?

ಆ ರಾತ್ರಿ ಮದುಮಗನ ಮಾವಂದಿರು ನೋಟು ಎಸೆದರು,
ನನ್ನ ತಮ್ಮ ಬಾಚಿದ. ಅವತ್ತಿನ ಋಣ ಅವತ್ತಿಗೇ ತೀರಿತು.
ನಿನ್ನ ಅಂಗಡಿಯಲ್ಲಿ ಆ ರಾತ್ರಿ ದಿನಾ ಆಗುತ್ತದೆ.
ದಿನಾ ಹಾಡುತ್ತೇನೆ. ದಿನಾ ತಂತಿ ಹರಿಯುತ್ತದೆ.
ನನ್ನ ತಮ್ಮ ಯಾವ ನೆಲ ಬಾಚಬೇಕು?"

ಇಪ್ಪತ್ತನ್ನು ಹಿಂದಕ್ಕೆ ಚಾಚಿದೆ. ಮುಟ್ಟಲಿಲ್ಲ.
"ಅದು ನಿನ್ನ ಕೇಬಲ್ಲಿನ ಕೂಲಿ, ಇಟ್ಟುಕೋ.
ಹೆಸರು ಬರೆ. ನನ್ನ ನಂಬರು ಬರೆ.
ಕೂಸಿನ ಅಳು ಕೇಳಿ ನಕ್ಕವರು
ತಮ್ಮ ಮನೆಯ ಮದುವೆಗೂ ಕರೆಯಲಿ."

ಬರೆದೆ.
ಏಳು ಒತ್ತಬೇಕಾದ ಬೆರಳು ನಾಲ್ಕಕ್ಕೆ ಜಾರಿತ್ತು;
ಅಂದು ಗೊತ್ತಾಗಲಿಲ್ಲ.

ಆಮೇಲೆ ಅದು ಹೊರಟಿತು,
ಅಟಾರಿನ ಲಾರಿಯಲ್ಲಿ, ಅದಿರು ಹೊರುವ ರೈಲಿನ ಮೇಲೆ,
ಸಿಪಾಯಿಗಳ ಜೇಬಿನಲ್ಲಿ, ಹೊಲಿಗೆಯವಳ ಕಿಟಕಿಯಲ್ಲಿ,
ಅವಳ ಹೆಸರು ಹೊತ್ತು,
ಇನ್ನಾರದೋ ನಂಬರು ಹೊತ್ತು.

ನಾಲ್ಕು ತಿಂಗಳಿಗೆ ಗಿರಾಕಿಯೊಬ್ಬ ನಗುತ್ತ ಹೇಳಿದ:
ಹಾಡುಗಾರ್ತಿಗೆ ಫೋನು ಮಾಡಿದರೆ
ನುವಾದಿಬುವಿನ ಮೀನಿನವನು ಎತ್ತುತ್ತಾನೆ.

ನನ್ನಲ್ಲಿದ್ದದ್ದನ್ನು ಕೂಡಲೇ ತಿದ್ದಿದೆ.
ಊರೂರಿಗೆ ಹೋದದ್ದನ್ನು ತಿದ್ದುವುದು ಹೇಗೆ?
ಹಾಡಿನಷ್ಟೇ ನಿಷ್ಠೆಯಿಂದ
ತಪ್ಪೂ ನಕಲಾಗುತ್ತದೆ.

ಕೊನೆಗೆ ನಾನೇ ಆ ನಂಬರಿಗೆ ಮಾಡಿದೆ.
ಅವನ ಬೆನ್ನಿಗೆ ಕಡಲು, ಹಕ್ಕಿಗಳ ಗದ್ದಲ, ತೂಕದ ಕೂಗು.
"ನಲವತ್ತೊಂದು ಕರೆ ಬಂದಿವೆ ಮಾರಾಯ,
ನಾನು ಹಾಡುವವನಲ್ಲ ಎಂದು ಹೇಳಿ ಹೇಳಿ
ಗಂಟಲು ಕಟ್ಟಿದೆ. ಆ ಹೆಂಗಸಿನ ನಂಬರಾದರೂ ಕೊಡು."
ಕೊಟ್ಟೆ. ನಾಲ್ಕಲ್ಲ, ಏಳು, ಎಂದೆ.
ಮೀನಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ.

ಈಗ ಯಾರು ಕೇಳಿದರೂ ದಾಟಿಸುತ್ತಾನಂತೆ,
ಹುರುಪೆ ಮೆತ್ತಿದ ಕೈಯಲ್ಲೇ ಫೋನು ಹಿಡಿದು.
ನಿನಗೇನು ಸಿಗುತ್ತದೆ ಅಂತ ಕೇಳಹೋಗಿ
ಸುಮ್ಮನಾದೆ.

ಆ ಇಪ್ಪತ್ತು ಊಗಿಯಾ ಇನ್ನೂ ನನ್ನ ಗಲ್ಲಾದಲ್ಲಿದೆ.
ಅಸಲಿಗೆ ಸೇರಿಸಲೋ ಬಡ್ಡಿಗೋ ತಿಳಿಯದೆ
ಬೇರೆ ಇಟ್ಟಿದ್ದೇನೆ.